ತಿರುಗಿಸಿ ಇಟ್ಟ ರಸಮಟ್ಟ

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹತ್ತು ಹೆಜ್ಜೆ ಆಚೆ ನಿಂತವನು ಕೆಮ್ಮಿದರೆ ಮಾತ್ರ ಅಲ್ಲೊಬ್ಬ ಮನುಷ್ಯನಿದ್ದಾನೆ ಎಂದು ಗೊತ್ತಾಗುತ್ತಿತ್ತು. ಗೋಡೆಗಳಿಗೆ ಅಂಚಿರಲಿಲ್ಲ, ರಸ್ತೆಗೆ ತುದಿಯಿರಲಿಲ್ಲ. ದೇವರು ತಾನು ಬರೆದದ್ದನ್ನೆಲ್ಲ ಒಂದು ಸಲ ಒರೆಸಿ, ಮತ್ತೆ ಬರೆಯಲೋ ಬೇಡವೋ ಎಂದು ಯೋಚಿಸುತ್ತ ಕುಳಿತ ಹಾಗಿತ್ತು. ಆ ಮಸುಕಿನಲ್ಲೂ ಗೆರೆ ಎಳೆದಂತೆ ಕಾಣುತ್ತಿದ್ದದ್ದು ಒಂದೇ ಒಂದು: ಕಟ್ಟುತ್ತಿದ್ದ ಹೊಸ ಆಸ್ಪತ್ರೆಯ ಜಗಲಿಯಲ್ಲಿ, ಗೋಡೆಯುದ್ದಕ್ಕೂ, ಇಪ್ಪತ್ತಡಿಯ ಇಟ್ಟಿಗೆ ಕಟ್ಟೆ.

ಅದನ್ನು ಕಟ್ಟಿದವನು ನೂಲಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಈಗ ಅದನ್ನು ಕರೆದರೆ ಅವನೇ ತಿರುಗಿ ನೋಡುವುದಿಲ್ಲ. ಇಟ್ಟಿಗೆ ಇಡುವ ಮೊದಲು ಈ ತುದಿಯಿಂದ ಆ ತುದಿಗೆ ಒಂದು ನೂಲು ಎಳೆದು ಕಟ್ಟುತ್ತಾರಲ್ಲ, ಕೆಲಸ ಮುಗಿದು ಅದನ್ನು ಬಿಚ್ಚಿದ ಮೇಲೂ ಇವನ ಗೋಡೆಯಲ್ಲಿ ನೂಲು ಉಳಿದೇ ಇರುತ್ತದೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಆ ಮಾತೇ ಹೆಸರಾಯಿತು. ಸ್ವಂತ ಮನೆ ಇಲ್ಲ, ಜಮೀನಿಲ್ಲ, ಮೈಮೇಲೆ ಎರಡು ಜೊತೆ ಒಳ್ಳೆ ಬಟ್ಟೆಯಿಲ್ಲ. ಆದರೆ ಆ ಹೆಸರಿತ್ತು. ಅದನ್ನು ಅವನು ಬಲು ಜೋಪಾನವಾಗಿ ಇಟ್ಟುಕೊಂಡಿದ್ದ.

ಕಟ್ಟೆಯನ್ನು ಕಟ್ಟುವಾಗ ಅವನ ಮನಸ್ಸಿನಲ್ಲಿ ಒಂದು ಪ್ರಾರ್ಥನೆಯಂಥದ್ದು ಓಡುತ್ತಿತ್ತು. ನಾಳೆ ಇಲ್ಲಿ ಯಾರು ಯಾರೋ ಬಂದು ಕೂರುತ್ತಾರೆ, ಜ್ವರದವರು, ಸೊಂಟ ಹಿಡಿದವರು, ಮಡಿಲಲ್ಲಿ ಅಳುವ ಕೂಸನ್ನು ಇಟ್ಟುಕೊಂಡವರು. ಅವರು ಕೂತಲ್ಲಿ ಜಾರಬಾರದು, ಪಕ್ಕಕ್ಕೆ ವಾಲಬಾರದು. ಅಷ್ಟನ್ನು ಮಾಡಿಕೊಡಪ್ಪ ಎಂದುಕೊಂಡು ಎರಡು ದಿನ ಬಗ್ಗಿದ ಬೆನ್ನು ಎತ್ತಿರಲಿಲ್ಲ.

ಹತ್ತು ಗಂಟೆಗೆ ಮಂಜು ಹರಿಯಿತು. ಇಂಜಿನಿಯರಮ್ಮ ಬಂದರು.

ತಲೆಗೆ ಬಿಳಿ ಟೋಪಿ, ಕೈಯಲ್ಲಿ ಕಾಗದದ ಸುರುಳಿ, ಮುಖದಲ್ಲಿ ಆಗಲೇ ತಡವಾಗಿದೆ ಎನ್ನುವ ಗಂಟು. ಜಗಲಿಗೆ ಕಾಲಿಡುತ್ತಲೇ "ಮೇಸ್ತ್ರಿ, ಮಟ್ಟ ಕೊಡಿ" ಎಂದರು.

ಮೇಸ್ತ್ರಿ ಎಂದರೆ ನೂಲಣ್ಣನ ಭಾವ, ಅವನ ಹೆಂಡತಿಯ ಅಣ್ಣ. ಭಾವ ತನ್ನ ಚೀಲದಿಂದ ಹಳದಿ ಪ್ಲಾಸ್ಟಿಕ್ಕಿನ ರಸಮಟ್ಟ ತೆಗೆದುಕೊಟ್ಟ. ರಸಮಟ್ಟ ಎಂದರೆ ಒಂದು ಮೊಳದ ಪಟ್ಟಿ. ಅದರ ನಡುವೆ ಚಿಕ್ಕ ಗಾಜಿನ ಕೊಳವೆ, ಕೊಳವೆಯಲ್ಲಿ ನೀರಿನಂಥ ರಸ, ರಸದಲ್ಲಿ ಒಂದು ಗುಳ್ಳೆ. ಇಟ್ಟ ಜಾಗ ಸಮವಾಗಿದ್ದರೆ ಗುಳ್ಳೆ ನಡುವೆ ನಿಲ್ಲುತ್ತದೆ, ಇಲ್ಲದಿದ್ದರೆ ಎತ್ತರದ ಕಡೆಗೆ ಸರಿಯುತ್ತದೆ. ಇಂಜಿನಿಯರಮ್ಮ ಅದನ್ನು ಕಟ್ಟೆಯ ಮೇಲಿಟ್ಟರು. ಗುಳ್ಳೆ ಬಾಗಿಲ ಕಡೆಗೆ ಸರಿದು ಗೆರೆ ದಾಟಿ ಕೂತಿತು. ಎರಡು ಮಾರು ಆಚೆ ಇಟ್ಟರು. ಅಲ್ಲೂ ಬಾಗಿಲ ಕಡೆಗೇ.

"ಯಾರ್ರೀ ಇದನ್ನ ಕಟ್ಟಿದ್ದು?"

"ನಾನು," ಎಂದ ನೂಲಣ್ಣ.

"ಕಣ್ಣು ಮುಚ್ಕೊಂಡು ಕಟ್ಟಿದ್ರಾ?"

ಗಾರೆ ಕಲಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಏಣಿಯ ಮೇಲಿದ್ದ ಪೇಂಟರ್ ಕತ್ತು ಚಾಚಿದ. ನೂಲಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಗಿ ಕಿವಿ ಬಿಸಿಯಾಯಿತು.

"ಮೇಡಂ, ಒಂದು ಸಲ ತಿರುಗಿಸಿ ಇಡಿ," ಎಂದ.

"ಏನನ್ನ?"

"ಮಟ್ಟಾನ. ಈ ತುದಿ ಆ ಕಡೆಗೆ, ಆ ತುದಿ ಈ ಕಡೆಗೆ. ಜಾಗ ಅದೇ ಇರಲಿ. ಗುಳ್ಳೆ ಆಗಲೂ ಬಾಗಿಲ ಕಡೆಗೇ ನಿಂತರೆ ತಪ್ಪು ಕಟ್ಟೆಯದ್ದು. ಕಿಟಕಿ ಕಡೆಗೆ ಹೋದರೆ ತಪ್ಪು ಮಟ್ಟದ್ದು."

"ನನಗೆ ಪಾಠ ಹೇಳ್ತೀರಾ?"

"ಪಾಠ ಅಲ್ಲ ಮೇಡಂ. ನನ್ನ ಚೀಲದಲ್ಲಿ ಇನ್ನೊಂದು ಮಟ್ಟ ಇದೆ, ತರ್ತೀನಿ..."

"ಹೌದು, ಒಬ್ಬೊಬ್ಬರೂ ಮನೆಯಿಂದ ಒಂದೊಂದು ಮಟ್ಟ ತನ್ನಿ. ಯಾರಿಗೆ ಯಾವುದು ಅನುಕೂಲವೋ ಅದರಲ್ಲಿ ಅಳೆಯೋಣ." ನಾಲ್ಕು ಜನ ನಕ್ಕರು. "ಮೇಸ್ತ್ರಿ, ನಿಮ್ಮ ಮಟ್ಟ ಸರಿಯಾಗಿದೆ ತಾನೆ?"

ಈಗ ನೋಡಿ, ಕಥೆಯಲ್ಲಿ ಒಂದು ಗಳಿಗೆ ಬರುತ್ತದೆ, ಎಲ್ಲರ ಉಸಿರೂ ಒಬ್ಬನ ನಾಲಿಗೆಯ ತುದಿಯಲ್ಲಿ ನಿಲ್ಲುವ ಗಳಿಗೆ. ಹೋದ ವಾರ ಆ ಹಳದಿ ಮಟ್ಟ ಎರಡನೇ ಮಹಡಿಗೆ ಕಟ್ಟಿದ್ದ ಸಾರುವೆಯ ಹಲಗೆಯಿಂದ ಜಲ್ಲಿಕಲ್ಲಿನ ಮೇಲೆ ಬಿದ್ದದ್ದನ್ನು ನೂಲಣ್ಣ ನೋಡಿದ್ದ. ಬೀಳಿಸಿದ ಭಾವನಿಗಂತೂ ಗೊತ್ತೇ ಇತ್ತು. ನೂಲಣ್ಣ ಭಾವನ ಮುಖ ನೋಡಿದ. ಭಾವ ತನ್ನ ಚಪ್ಪಲಿ ನೋಡಿಕೊಂಡ.

ಬಾಯಿ ಬಿಡಲಿಲ್ಲ.

"ಕೆಡವಿ," ಎಂದರು ಇಂಜಿನಿಯರಮ್ಮ. "ನಾಳೆ ಬೆಳಗ್ಗೆ ಬರ್ತೀನಿ."

ತಾನು ಕಟ್ಟಿದ್ದನ್ನು ತಾನೇ ಕೆಡವುವುದು ಏನೆಂದು ಹೇಳಲಿ. ಹಸಿ ಗಾರೆ ಬೇಗ ಬಿಟ್ಟುಕೊಡುತ್ತದೆ, ಅದೇ ಸಂಕಟ. ಇನ್ನಷ್ಟು ಹಠ ಮಾಡಬಾರದಿತ್ತೆ ಎನಿಸುತ್ತದೆ. ಹಾರೆ ಹಾಕಿದಾಗೆಲ್ಲ ಒಂದೊಂದು ಇಟ್ಟಿಗೆ ಮಗುವಿನ ಹಲ್ಲಿನ ಹಾಗೆ ಸಡಿಲಾಗಿ ಬಂತು. ನೂಲಣ್ಣ ಒಬ್ಬನೇ ಕೆಡವಿದ. ಸಹಾಯಕ್ಕೆ ಬಂದವರನ್ನು ಒಂದು ನೋಟದಲ್ಲೇ ಓಡಿಸಿದ.

ಮಧ್ಯಾಹ್ನ ಪೇಂಟರ್ ಎರಡು ಲೋಟ ಚಹಾ ಹಿಡಿದು ಬಂದ. ಕಿವಿಯಲ್ಲಿ ಸದಾ ಒಂದು ತಂತಿ ಸಿಕ್ಕಿಸಿಕೊಂಡು ಯಾರು ಯಾರದೋ ಭಾಷಣ ಕೇಳುತ್ತ ಸುಣ್ಣ ಬಣ್ಣ ಬಳಿಯುವವನು.

"ಅಣ್ಣಾ, ಎಲ್ಲಾ ನಾವು ನೋಡೋದರಲ್ಲಿದೆ. ಕೆಡವಿದೆ ಅಂದ್ಕೋಬೇಡ. ಇನ್ನೊಂದು ಸಲ ಕಟ್ಟೋ ಅವಕಾಶ ಸಿಕ್ತು ಅಂದ್ಕೋ. ದೃಷ್ಟಿ ಬದಲಾಯಿಸು, ನೋವು ಹೋಗುತ್ತೆ."

"ಹೌದಾ? ನಿನ್ನೆ ನೀನು ಬಳಿದೆಯಲ್ಲ ಆ ಬಿಳಿ ಗೋಡೆ, ಅದರ ಮೇಲೆ ಒಂದು ಬಾಂಡ್ಲಿ ಕೆಸರು ಎರಚ್ತೀನಿ. ಹೊಸ ಬಣ್ಣ ಬಂತು ಅಂದ್ಕೋ."

"ಅಯ್ಯೋ, ನಾನು ಒಳ್ಳೆಯದಕ್ಕೆ ಹೇಳಿದ್ದು!"

"ಕೆಸರೂ ಒಳ್ಳೆಯದಕ್ಕೇ. ದೃಷ್ಟಿ ಬದಲಾಯಿಸು."

ಪೇಂಟರ್ ಎರಡೂ ಲೋಟ ಅಲ್ಲೇ ಬಿಟ್ಟು ಏಣಿ ಹತ್ತಿದ.

ಸಂಜೆ ಬೆಳಕು ಕಡಿಮೆಯಾಗುವ ಹೊತ್ತಿಗೆ ಹದಿನಾಲ್ಕು ಅಡಿ ಕೆಡವಿ ಆಗಿತ್ತು. ಕಿಟಕಿಯ ಪಕ್ಕದ ಆರಡಿ ಮಾತ್ರ ನಿಂತಿತ್ತು. ಅದನ್ನು ನಾಳೆಗೆ ಬಿಟ್ಟು, ಚೀಲ ಹೆಗಲಿಗೇರಿಸಿ, ಯಾರಿಗೂ ಹೋಗಿ ಬರುತ್ತೇನೆ ಎನ್ನದೆ ಹೊರಟ. ಹಿಂದಿನಿಂದ ಭಾವ "ನೂಲು..." ಎಂದ ಹಾಗಾಯಿತು. ನಿಲ್ಲಲಿಲ್ಲ.

ಮನೆ ಎಂದರೆ ಎರಡು ಕೋಣೆ. ಒಳಗಿನದರಲ್ಲಿ ಒಲೆ, ಪಾತ್ರೆ, ಹಾಸಿಗೆ. ಹೊರಗಿನದರಲ್ಲಿ ಒಂದು ಮಂಚ. ಅದರ ಮೇಲೆ ಅತ್ತೆ, ಅವನ ಹೆಂಡತಿಗೂ ಭಾವನಿಗೂ ತಾಯಿ. ಭಾವನ ಮನೆಗೆ ಮೂವತ್ತು ಮೆಟ್ಟಿಲು, ಅತ್ತೆಯ ಮಂಡಿಗೆ ಮೂರೂ ಆಗದು. ಹಾಗಾಗಿ ಅಳಿಯನ ಮನೆಯಲ್ಲೇ ಇದ್ದಳು. ಅಳಿಯ ಎನ್ನುವುದಕ್ಕಿಂತ ಮಗ ಎನ್ನಬೇಕು. ಹನ್ನೆರಡನೇ ವಯಸ್ಸಿಗೆ ಅವಳ ಗಂಡನ ಹತ್ತಿರ ಕೆಲಸ ಕಲಿಯಲು ಬಂದು ಅವಳ ಕೈಯ ಅನ್ನ ಉಂಡು ಬೆಳೆದವನು.

ಕೈಕಾಲು ತೊಳೆಯುವ ಮೊದಲೇ ನೂಲಣ್ಣ ಶುರುಮಾಡಿದ. ಒಂದೂ ಬಿಡಲಿಲ್ಲ. ಇಂಜಿನಿಯರಮ್ಮನ ಟೋಪಿ, ನಕ್ಕ ನಾಲ್ವರು, ಭಾವನ ಚಪ್ಪಲಿ.

ಹೆಂಡತಿ ಕೇಳುವಷ್ಟು ಕೇಳಿದಳು. ಆಮೇಲೆ ಎಂದಳು: "ರೀ, ಬೇರೆ ಥರ ಯೋಚನೆ ಮಾಡಿ. ಐದು ವರ್ಷ ಆದ ಮೇಲೆ ಇದು ಯಾರಿಗೆ ನೆನಪಿರುತ್ತೆ?"

"ನಿನ್ನ ಅಡುಗೆಗೆ ಉಪ್ಪು ಜಾಸ್ತಿ ಅಂತ ನಮ್ಮಕ್ಕ ಹೇಳಿ ಇಪ್ಪತ್ತು ವರ್ಷ ಆಯ್ತು. ಮರೆತೆಯಾ?"

ಅವಳು ಸೌಟು ಕೆಳಗಿಟ್ಟಳು. "ಜಾಸ್ತಿ ಆಗಿರಲಿಲ್ಲ."

"ನೋಡಿದೆಯಾ!"

"ಅದು ಬೇರೆ ಮಾತು ರೀ. ನಮಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ, ಅವರನ್ನ ನೋಡಿ ಸಮಾಧಾನ..."

"ಅವರ ಕಷ್ಟ ನೋಡಿದ್ರೆ ನನ್ನ ಕಟ್ಟೆ ಎದ್ದು ನಿಲ್ಲುತ್ತೇನೇ? ಎಲ್ಲರೂ ನನ್ನ ಕಣ್ಣಿಗೇ ಔಷಧಿ ಹೇಳೋರು. ನನ್ನ ಕಣ್ಣಿಗೆ ಏನಾಗಿದೆ? ನನ್ನ ಕಣ್ಣು ಸರಿಯಾಗಿದೆ, ನನ್ನ ಕೈ ಸರಿಯಾಗಿದೆ, ನನ್ನ ಕಟ್ಟೆ ಸರಿಯಾಗಿತ್ತು. ಸರಿಯಿಲ್ಲದ್ದು ನಿಮ್ಮಣ್ಣನ ಮಟ್ಟ, ಅದಕ್ಕಿಂತ ನಿಮ್ಮಣ್ಣ! ನಾಳೆ ಆಗಲಿ. ನಾಲ್ಕು ಜನರ ಮುಂದೆ ಹೇಗೆ ನನ್ನ ಮಾನ ಹೋಯ್ತೋ ಹಾಗೇ ಅವನದ್ದೂ ಹೋಗಬೇಕು. ಆ ಹಳದಿ ಮಟ್ಟ ಕಿತ್ಕೊಂಡು ಎಲ್ಲರ ಕಣ್ಣೆದುರು ತಿರುಗಿಸಿ ಇಡ್ತೀನಿ. ಕಳ್ಳ ಮೇಸ್ತ್ರಿ ಅಂತ ಕೂಗಿ ಹೇಳ್ತೀನಿ. ಅವನ ಮೇಸ್ತ್ರಿಗಿರಿ ಹೋದರೆ ಹೋಗಲಿ."

ಹೇಳುತ್ತ ಹೇಳುತ್ತ ಚೀಲದಿಂದ ತನ್ನ ರಸಮಟ್ಟ ತೆಗೆದ. ದಿನಾ ಸಂಜೆ ಅದನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿಡುವುದು ಅವನ ರೂಢಿ, ಸಿಟ್ಟಿದ್ದರೂ ಬಿಡುವವನಲ್ಲ. ಇದು ಮರದ್ದು, ಎರಡು ಅಂಚಿಗೂ ಹಿತ್ತಾಳೆಯ ಪಟ್ಟಿ. ಹಿಡಿದು ಹಿಡಿದು ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಸತ್ತುಹೋದ ಮಾವನದ್ದು. ಹೊಸ ಕೆಲಸ ಶುರುವಾದ ಮೊದಲ ದಿನ ಮಾವ ಇದನ್ನೊಂದು ಕಲ್ಲಿನ ಮೇಲಿಟ್ಟು ನೋಡುತ್ತಿದ್ದ, ತಿರುಗಿಸಿ ಇಟ್ಟು ಮತ್ತೆ ನೋಡುತ್ತಿದ್ದ. ಎರಡು ಕಡೆಯಿಂದಲೂ ಕೇಳದೆ ಮಟ್ಟದ ಮಾತನ್ನೂ ನಂಬಬೇಡಿ ಎಂದು ಮಗನಿಗೂ ಅಳಿಯನಿಗೂ ಹೇಳಿಕೊಟ್ಟವನು.

ಅತ್ತೆ ಮಂಚದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಅವನದ್ದು ಬಿದ್ದು ಕೆಟ್ಟಿತ್ತು ಅಂದೆಯಾ ಮಗಾ?"

"ಹೌದತ್ತೆ. ಗಾಜಿನ ಕೊಳವೆ ಜರುಗಿದೆ. ಗೊತ್ತಿದ್ದೂ ಬಾಯಿ ಮುಚ್ಕೊಂಡ."

"ಅದು ತಪ್ಪೇ. ನನ್ನ ಮಗ ಅಂತ ತಪ್ಪು ಸರಿಯಾಗಲ್ಲ." ಇನ್ನೆರಡು ಎಲೆ ಬಿಡಿಸಿದಳು. "ಬಿದ್ದ ಮಾತ್ರಕ್ಕೆ ಕೆಡುತ್ತಾ ಅದು? ಇದು ಎಷ್ಟು ಸಲ ಬಿದ್ದಿಲ್ಲ. ಒಂದು ಸಲ ಬಾವಿಗೇ ಬಿದ್ದಿತ್ತು."

"ಅವನದ್ದು ಪ್ಲಾಸ್ಟಿಕ್ಕಿಂದು ಅತ್ತೆ. ಅಂಗಡಿ ಮಾಲು."

"ಅವನ ಹತ್ರ ಪ್ಲಾಸ್ಟಿಕ್ಕಿಂದು ಯಾಕಿದೆ?"

ಒರೆಸುತ್ತಿದ್ದ ನೂಲಣ್ಣನ ಕೈ ನಿಂತಿತು.

ಮಾವ ಸಾಯುವ ಮುಂಚೆ ಹೇಳಿದ್ದು ಮೂರೇ ಮಾತು. ಮಂಚದ ಸುತ್ತ ಇದ್ದವರೆಲ್ಲ ಕೇಳಿಸಿಕೊಂಡಿದ್ದರು. ಮಟ್ಟ ಒಂದು ವರ್ಷ ಮಗನ ಹತ್ತಿರ, ಒಂದು ವರ್ಷ ಅಳಿಯನ ಹತ್ತಿರ, ಜಗಳ ಮಾಡಬೇಡಿ. ಎಂಟು ವರ್ಷ ಹಾಗೆಯೇ ನಡೆಯಿತು. ಮೂರು ವರ್ಷದ ಹಿಂದೆ ಭಾವನ ಸರದಿ ಬಂದಾಗ ಭಾವನಿಗೆ ಮೇಸ್ತ್ರಿ ಪಟ್ಟವೂ ಬಂದಿತ್ತು. ಆ ಪಟ್ಟ ತನ್ನದು ಎಂದು ನೂಲಣ್ಣ ಒಳಗೊಳಗೇ ಕಾದಿದ್ದ. "ಮೇಸ್ತ್ರಿಗೆ ಮಟ್ಟ ಯಾಕೆ, ಬಾಯಿ ಇದ್ದರೆ ಸಾಕಲ್ಲ. ಕೈಯಲ್ಲಿ ಕೆಲಸ ಮಾಡೋರ ಹತ್ರ ಇರಲಿ," ಎಂದುಬಿಟ್ಟಿದ್ದ. ನಗುತ್ತಲೇ ಹೇಳಿದ್ದ, ಆದರೆ ಕೊಡಲಿಲ್ಲ. ಭಾವ ಎರಡು ಸಲ ಕೇಳಿದ. ಮೂರನೇ ಸಲ ಕೇಳಲಿಲ್ಲ. ಒಂದು ದಿನ ಅಂಗಡಿಯಿಂದ ಹಳದಿಯದ್ದು ಹಿಡಿದುಕೊಂಡು ಬಂದ.

ಅತ್ತೆ ಮೊರ ಎತ್ತಿಕೊಂಡು, ಗೋಡೆ ಹಿಡಿದು ಮೆಲ್ಲಗೆ ಒಳಗೆ ಹೋದಳು. ಉತ್ತರಕ್ಕೆ ಕಾಯಲಿಲ್ಲ. ಕಾದಿದ್ದರೆ ನೂಲಣ್ಣ ಏನಾದರೂ ಒಂದು ಹೇಳಿ ಗೆಲ್ಲುತ್ತಿದ್ದ. ಕೇಳಿದವಳು ಎದುರಿಗಿಲ್ಲದೆ ಪ್ರಶ್ನೆ ಮಾತ್ರ ಕೋಣೆಯಲ್ಲಿ ಉಳಿದರೆ ಯಾರ ಹತ್ತಿರ ವಾದ ಮಾಡುವುದು?

ಮಟ್ಟವನ್ನು ಕಿಟಕಿಯ ಹಾಸುಗಲ್ಲಿನ ಮೇಲಿಟ್ಟ. ಗುಳ್ಳೆ ನಡುವೆ ನಿಂತಿತು. ನನಗೆ ಅನ್ಯಾಯವಾಗಿದೆ, ಎಂದುಕೊಂಡ. ಹೌದು, ಆಗಿದೆ. ಸುಮ್ಮನೆ ಕೈ ರೂಢಿಯಿಂದ ಅದನ್ನು ತಿರುಗಿಸಿ ಇಟ್ಟ. ಎರಡು ಬಾರಿ ಕೇಳಿ ಮೂರನೇ ಬಾರಿ ಕೇಳದೆ ಹೋದವನ ಮುಖ ಕಣ್ಣೆದುರು ಬಂತು. ಹಳದಿ ಮಟ್ಟವನ್ನು ಮೊದಲ ದಿನ ಚೀಲದಿಂದ ತೆಗೆದಾಗ ಆ ಮುಖದಲ್ಲಿದ್ದದ್ದನ್ನು ಆಗ ಸೊಕ್ಕು ಎಂದುಕೊಂಡಿದ್ದ. ಸೊಕ್ಕು ಅಲ್ಲವೇನೋ. ಇವತ್ತು ಇಡೀ ದಿನ ತನ್ನ ಮುಖದಲ್ಲಿ ಏನಿತ್ತೋ ಅದೇ ಇರಬಹುದು.

ಸಿಟ್ಟು ಹೋಯಿತು ಎನ್ನಬೇಡಿ. ಹಾಗೆಲ್ಲ ಹೋಗುವ ಸಿಟ್ಟಲ್ಲ ಅದು, ಹೋಗಬೇಕಾದದ್ದೂ ಅಲ್ಲ. ಆದರೆ ಸಿಟ್ಟಿನ ಗುಳ್ಳೆ ಇಷ್ಟು ಹೊತ್ತು ಒಂದೇ ತುದಿಗೆ ಅಂಟಿಕೊಂಡಿತ್ತಲ್ಲ, ಅದು ಸ್ವಲ್ಪ ಅಲುಗಾಡಿತು. ಹೆಂಡತಿ ಊಟಕ್ಕೆ ಕರೆದಳು. ಬಂದು ಕೂತ, ಅನ್ನ ಉಂಡ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು, ಹೇಳಲಿಲ್ಲ.

ಮಾರನೇ ದಿನ ಮಂಜಿರಲಿಲ್ಲ. ನೂಲಣ್ಣ ಎಲ್ಲರಿಗಿಂತ ಮೊದಲು ಹೋದರೆ, ಅವನಿಗಿಂತ ಮೊದಲೇ ಭಾವ ಬಂದು ಉಳಿದ ಆರಡಿ ಕಟ್ಟೆಯ ಮೇಲೆ ಕೂತಿದ್ದ. ಒಬ್ಬನೇ.

"ಸಮವಾಗಿದೆ," ಎಂದ ಭಾವ, ಮುಖ ನೋಡದೆ. "ಕೂತರೆ ಗೊತ್ತಾಗುತ್ತೆ."

"ನಿನ್ನೆಯೂ ಸಮವಾಗೇ ಇತ್ತು ಭಾವ." ನೂಲಣ್ಣ ಚೀಲವನ್ನು ಗೋಡೆಗೆ ಒರಗಿಸಿದ. ಕೂಗಬೇಕೆಂದು ಬಂದವನಲ್ಲ, ಆದರೂ ದನಿ ಏರಿತು. "ನಾಲ್ಕು ಜನರ ಮುಂದೆ ಕುರುಡ ಅನ್ನಿಸ್ಕೊಂಡೆ. ನೀನು ಚಪ್ಪಲಿ ನೋಡ್ಕೊಂಡು ನಿಂತಿದ್ದೆ. ನಿನ್ನ ಮಾನ ಕಳೀಬೇಕು ಅಂತಲೇ ನಿನ್ನೆ ಸಂಜೆಯವರೆಗೂ ಇದ್ದೆ. ಈಗ ಅದು ಬೇಡ. ಆದರೆ ನನ್ನ ಹೆಸರು ನನಗೆ ಬೇಕು. ಅದನ್ನ ಬಿಟ್ಟುಕೊಡೋಕೆ ಆಗಲ್ಲ. ನೀನೇ ಹೇಳು. ನಿನ್ನ ಬಾಯಿಂದಲೇ ಬರಲಿ."

ಭಾವ ಕಟ್ಟೆಯ ಮೇಲಿಂದ ಎದ್ದ.

"ಹೇಳಬೇಕು ಅಂತಲೇ ಇದ್ದೆ ಕಣೋ ನಿನ್ನೆ. ಮೇಸ್ತ್ರಿಯ ಮಟ್ಟವೇ ಸರಿಯಿಲ್ಲ ಅಂದ್ರೆ ಈ ಒಂದು ವಾರ ಅದರಲ್ಲಿ ನೋಡಿದ್ದೆಲ್ಲ ಏನು ಅಂತ ಕೇಳ್ತಾರಲ್ಲ. ಭಯ ಆಯ್ತು."

"ನನ್ನ ಕೈಲಿ ಕೆಡವಿಸೋಕೆ ಭಯ ಆಗಲಿಲ್ಲ."

"ಇಲ್ಲ," ಎಂದ ಭಾವ. "ಆಗಬೇಕಿತ್ತು."

ಒಂಬತ್ತಕ್ಕೆ ಇಂಜಿನಿಯರಮ್ಮ ಬಂದರು. ಗಾರೆಯ ಹೆಂಗಸರು ಇದ್ದರು, ಪೇಂಟರ್ ಇದ್ದ, ನಿನ್ನೆ ನಕ್ಕ ನಾಲ್ವರೂ ಇದ್ದರು. ಭಾವ ಯಾರೂ ಕೇಳದೆ ಹಳದಿ ಮಟ್ಟವನ್ನು ಉಳಿದ ಕಟ್ಟೆಯ ಮೇಲಿಟ್ಟ.

"ಮೇಡಂ, ಇಲ್ಲಿ ನೋಡಿ. ಗುಳ್ಳೆ ಬಾಗಿಲ ಕಡೆ." ಅದೇ ಜಾಗದಲ್ಲಿ ತುದಿ ಬದಲಿಸಿ ಇಟ್ಟ. "ಈಗ ಕಿಟಕಿ ಕಡೆ. ಕಟ್ಟೆ ಅಲುಗಾಡಿಲ್ಲ. ಕೆಟ್ಟದ್ದು ನನ್ನ ಮಟ್ಟ. ಅವನ ಕೆಲಸ ನೂಲು ಹಿಡಿದ ಹಾಗಿತ್ತು. ನಿನ್ನೆ ಅವನು ಹೇಳಿದ್ದೇ ನಿಜ."

ಯಾರೂ ನಗಲಿಲ್ಲ. ಇಂಜಿನಿಯರಮ್ಮ ತಾವೇ ಎರಡು ಸಲ ಹಿಂದುಮುಂದು ಇಟ್ಟು ನೋಡಿದರು. ಅವರ ಕತ್ತು ಕೆಂಪಾಯಿತು.

"ನಿಮಗೆ ಗೊತ್ತಿತ್ತಾ ಮೇಸ್ತ್ರಿ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ರಾ? ಒಂದು ವಾರದಿಂದ ಇದರಲ್ಲಿ ನೋಡಿದ ಕೆಲಸ ಎಲ್ಲಾ ಇವತ್ತೇ ಮತ್ತೆ ನೋಡಬೇಕು, ಒಂದೂ ಬಿಡದ ಹಾಗೆ. ಇಷ್ಟು ದೊಡ್ಡ ಕೆಲಸಕ್ಕೆ ಮೇಸ್ತ್ರಿ ಆಗಿದ್ದೀರ, ಒಂದು ಒಳ್ಳೆ ಮಟ್ಟ ಇಟ್ಕೊಳ್ಳೋ ಯೋಗ್ಯತೆ ಇಲ್ವಾ ನಿಮಗೆ?"

ನೂಲಣ್ಣ ಭಾವನ ಬಾಯನ್ನೇ ನೋಡಿದ. ಈಗ ಹೇಳುತ್ತಾನೆ. ನಮ್ಮಪ್ಪನ ಒಳ್ಳೆ ಮಟ್ಟ ಇದೆ ಮೇಡಂ, ನನ್ನ ಸರದಿ ಬಂದು ಮೂರು ವರ್ಷ ಆಯ್ತು, ಇವನು ಹಿಡಿದಿಟ್ಟುಕೊಂಡಿದ್ದಾನೆ, ಅವನ ಚೀಲ ಬಿಚ್ಚಿ ನೋಡಿ ಎನ್ನುತ್ತಾನೆ. ಹೇಳಿದರೆ ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಭಾವನ ಕಣ್ಣು ಒಮ್ಮೆ ಗೋಡೆಗೆ ಒರಗಿದ್ದ ನೂಲಣ್ಣನ ಚೀಲದ ಮೇಲೆ ಹೋಯಿತು. ಅಲ್ಲಿಂದ ತನ್ನ ಚಪ್ಪಲಿಗೆ ಇಳಿಯಿತು.

ಬಾಯಿ ಬಿಡಲಿಲ್ಲ.

"ಸರಿ, ಮತ್ತೆ ಕಟ್ಟಿ," ಎಂದರು ಇಂಜಿನಿಯರಮ್ಮ, ನೂಲಣ್ಣನ ಕಡೆ ಅರ್ಧ ಮಾತ್ರ ತಿರುಗಿ. "ಬೇಗ ಆಗಲಿ." ನಿನ್ನೆಯ ಮಾತಿಗೆ ಕ್ಷಮೆಯಿಲ್ಲ, ಒಂದು 'ಛೆ' ಕೂಡ ಇಲ್ಲ. ಟೋಪಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿ ಹೋದರು. ಆ ಒಂದು ಸಿಟ್ಟನ್ನು ನೂಲಣ್ಣ ಎಷ್ಟು ಕಡೆಯಿಂದ ತಿರುಗಿಸಿ ನೋಡಿದರೂ ಅದು ಸಿಟ್ಟಾಗಿಯೇ ಉಳಿಯಿತು. ಉಳಿಯಲಿ. ಎಲ್ಲವನ್ನೂ ದೇವರಿಗೆ ಒಪ್ಪಿಸಬೇಕು, ನಿಜ; ಒಪ್ಪಿಸುವಾಗ ಇದು ಅನ್ಯಾಯ ಎಂದು ಚೀಟಿ ಅಂಟಿಸಿ ಒಪ್ಪಿಸಬಾರದೆಂದು ಎಲ್ಲೂ ಇಲ್ಲ.

ಪೇಂಟರ್ ಏಣಿಯ ಮೇಲಿಂದ ಕೂಗಿದ: "ನೋಡಿದ್ಯಾ ಅಣ್ಣಾ? ನಾನು ಹೇಳಲಿಲ್ವಾ, ಎಲ್ಲಾ ನೋಡೋದರಲ್ಲಿದೆ ಅಂತ!"

"ಬಾಂಡ್ಲಿ ಎಲ್ಲಿ?" ಎಂದ ನೂಲಣ್ಣ ಸುತ್ತ ಹುಡುಕುತ್ತ. ಗಾರೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಈ ನಗು ಬೇರೆ.

ಮಧ್ಯಾಹ್ನದ ಹೊತ್ತಿಗೆ ಎರಡು ವರಸೆ ಇಟ್ಟಿಗೆ ಎದ್ದಿತ್ತು. ಹೆಂಗಸರು ಬುತ್ತಿ ಬಿಚ್ಚಲು ನೆರಳಿಗೆ ಹೋದರು. ಬೆಳಗಿನಿಂದ ಮೂರು ಕೋಣೆ ಮತ್ತೆ ಅಳೆದು ದಣಿದಿದ್ದ ಭಾವ, ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಮುಖ ತೊಳೆಯುತ್ತಿದ್ದ. ಅವನ ಚೀಲ ಪಕ್ಕದ ಕಲ್ಲಿನ ಮೇಲೆ ಬಾಯಿ ತೆರೆದು ಬಿದ್ದಿತ್ತು.

ನೂಲಣ್ಣ ಕೈಗಂಟಿದ ಗಾರೆಯನ್ನು ಪಂಚೆಗೆ ಒರೆಸಿಕೊಂಡ. ತನ್ನ ಚೀಲದಿಂದ ಬಟ್ಟೆ ಸುತ್ತಿದ ಮಟ್ಟವನ್ನು ತೆಗೆದ. ನಲ್ಲಿಯ ಹತ್ತಿರ ಹೋಗಿ ನಿಂತ.

ಭಾವ ಕಣ್ಣಿಗೆ ಇಳಿಯುತ್ತಿದ್ದ ನೀರನ್ನು ತೋಳಿನಲ್ಲಿ ಒರೆಸಿಕೊಂಡು ತಲೆಯೆತ್ತಿದ. ಕೈಗಳು ಒದ್ದೆಯಾಗಿದ್ದವು. ಅವನು ಅವನ್ನು ಅಂಗಿಗೆ ಒರೆಸಿಕೊಳ್ಳುವವರೆಗೂ ನೂಲಣ್ಣ ಕಾದ. ಆಮೇಲೆ ಬಟ್ಟೆ ಬಿಚ್ಚಿ, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮಾವನ ಮಟ್ಟವನ್ನು ಅವನ ಕೈಯಲ್ಲಿಟ್ಟ.